ಅಪಾರ್ಟ್‌ಮೆಂಟ್ ಸಭೆಯ ಅರ್ಧ ಗಂಟೆಯಲ್ಲಿ ಬೆಂಕಿಯ ಬಗ್ಗೆ ಏನನ್ನು ಕಲಿಸಬೇಕು?

ಪ್ರಶ್ನೆ: ಹೊಸ ಕಾರ್ಯದರ್ಶಿ, ಬೆಂಗಳೂರು

ನಮ್ಮದು ಹನ್ನೊಂದು ಮಹಡಿಯ ಕಟ್ಟಡ, ಎಂಬತ್ತೆಂಟು ಮನೆಗಳು. ಈ ವರ್ಷ ನಿವಾಸಿಗಳ ಸಂಘದ ಕಾರ್ಯದರ್ಶಿಯ ಕೆಲಸ ನನ್ನ ತಲೆಗೆ ಬಂದಿದೆ. ಕಳೆದ ತಿಂಗಳು ಆರನೇ ಮಹಡಿಯ ಮನೆಯೊಂದರಲ್ಲಿ ಹಪ್ಪಳ ಕರಿಯಲು ಇಟ್ಟಿದ್ದ ಎಣ್ಣೆಗೆ ಬೆಂಕಿ ಹತ್ತಿತು. ಮನೆಯ ಯಜಮಾನರು ಕೂಗುತ್ತಾ ಹೊರಗೆ ಓಡಿ ಬಂದರು. ಪಕ್ಕದ ಮನೆಯ ಹುಡುಗ ಲಿಫ್ಟಿನ ಬಳಿ ಗೋಡೆಗೆ ನೇತುಹಾಕಿದ್ದ, ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ಕಿತ್ತು ತಂದ. ಹಿಡಿಕೆಯನ್ನು ಎಷ್ಟು ಒತ್ತಿದರೂ ಅದರಿಂದ ಏನೂ ಬರಲಿಲ್ಲ. ಪಿನ್ ಎಳೆಯಬೇಕೆಂಬುದು ಅಲ್ಲಿ ಸೇರಿದ್ದ ಹತ್ತು ಹನ್ನೆರಡು ಜನರಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ಅಷ್ಟರಲ್ಲಿ ಆ ಮನೆಗೆ ಅಡುಗೆಗೆ ಬರುವ ಹೆಂಗಸು ಒಲೆ ಆರಿಸಿ, ಬಾಣಲೆಯ ಮೇಲೆ ದೊಡ್ಡ ಹರಿವಾಣ ಮುಚ್ಚಿ ಆಗಿತ್ತು. ಚಿಮಣಿ ಕರಕಲಾಗಿದ್ದು ಬಿಟ್ಟರೆ ಬೇರೆ ನಷ್ಟವಿಲ್ಲ. ಕಾವಲುಗಾರ ಅಗ್ನಿಶಾಮಕ ದಳಕ್ಕೆ ಕರೆ ಮಾಡುವ ಬದಲು ನನಗೆ ಕರೆ ಮಾಡಿದ. ನಾನು ಆಗ ಕಚೇರಿಯಲ್ಲಿದ್ದೆ.

ಪ್ರತಿ ಏಪ್ರಿಲ್‌ನಲ್ಲಿ ಅಗ್ನಿಶಾಮಕ ಠಾಣೆಯಿಂದ ಬಂದು ಪ್ರದರ್ಶನ ನೀಡುತ್ತಾರೆ. ತಟ್ಟೆಯಲ್ಲಿ ಡೀಸೆಲ್ ಹಾಕಿ ಬೆಂಕಿ ಹಚ್ಚುತ್ತಾರೆ, ಆರಿಸುತ್ತಾರೆ. ನಾವು ಮೊಬೈಲಿನಲ್ಲಿ ಚಿತ್ರೀಕರಿಸಿ, ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತೇವೆ. ಮುಂದಿನ ತಿಂಗಳ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯಕ್ಕೆ ಅರ್ಧ ಗಂಟೆ ಸಿಕ್ಕಿದೆ. ಅಷ್ಟರಲ್ಲಿ ಏನನ್ನು ಕಲಿಸಿದರೆ ಜನರ ಕೈಗೆ ಹತ್ತುತ್ತದೆ? ಅನುಭವವಿರುವವರು ತಿಳಿಸಿ.

ಉತ್ತರ: ಮೂಲೆಮನೆಯವನು

ಉಪನ್ಯಾಸ ಮಾತ್ರ ಇಡಬೇಡಿ. ನಮ್ಮ ಕಟ್ಟಡದಲ್ಲಿ ಯಾರನ್ನೋ ಕರೆಸಿ ಎರಡು ಗಂಟೆ ಪರದೆಯ ಮೇಲೆ ಚಿತ್ರ ತೋರಿಸಿದರು. ಕೊನೆಯಲ್ಲಿ ಊಟವಿತ್ತು, ಹಾಗಾಗಿ ಜನ ಎದ್ದು ಹೋಗಲಿಲ್ಲ. ಇಂಧನ, ಶಾಖ, ಆಮ್ಲಜನಕ ಎಂಬ ತ್ರಿಕೋನ ಎಲ್ಲರಿಗೂ ನೆನಪಿದೆ. ನಿಮ್ಮ ಮಹಡಿಯ ಸಿಲಿಂಡರ್ ಎಲ್ಲಿದೆ ಎಂದು ಕೇಳಿ ನೋಡಿ, ಅರ್ಧ ಜನ ಮೇಲೆ ಕೆಳಗೆ ನೋಡುತ್ತಾರೆ.

ಉತ್ತರ: ನಿವೃತ್ತ ಠಾಣಾಧಿಕಾರಿ

ನಾನು ಅಗ್ನಿಶಾಮಕ ಇಲಾಖೆಯಲ್ಲಿದ್ದವನು. ಡೀಸೆಲ್ ತಟ್ಟೆಯ ಪ್ರದರ್ಶನಗಳನ್ನು ಲೆಕ್ಕವಿಲ್ಲದಷ್ಟು ನಡೆಸಿದ್ದೇನೆ, ಆದ್ದರಿಂದ ಅದನ್ನು ದೂರುವ ಹಕ್ಕು ನನಗಿದೆ. ಯಾರ ಮನೆಯ ಬೆಂಕಿಯೂ ಅಂಗಳದ ನಡುವೆ, ಹಗಲು ಹನ್ನೊಂದು ಗಂಟೆಗೆ, ಗಾಳಿಯ ದಿಕ್ಕು ನೋಡಿಕೊಂಡು ಹೊತ್ತುವುದಿಲ್ಲ. ಆ ಪ್ರದರ್ಶನ ನೋಡಿದವರಿಗೆ ಬೆಂಕಿ ಆರಿಸುವುದು ಸಮವಸ್ತ್ರದವರ ಕೆಲಸ ಎಂಬ ಭಾವನೆ ಗಟ್ಟಿಯಾಗುತ್ತದೆ, ಅಷ್ಟೇ. ಅಂದಹಾಗೆ, ಅಗ್ನಿಶಾಮಕ ಸೇವಾ ದಿನ ಏಪ್ರಿಲ್ 14ರಂದೇ ಏಕೆ ಎಂಬುದನ್ನೂ ನಮ್ಮವರು ಸಭೆಯಲ್ಲಿ ಹೇಳುವುದು ಅಪರೂಪ. 1944ರಲ್ಲಿ ಆ ದಿನ ಮುಂಬೈ ಬಂದರಿನಲ್ಲಿ ಫೋರ್ಟ್ ಸ್ಟೈಕಿನ್ ಎಂಬ ಹಡಗು ಸ್ಫೋಟಗೊಂಡಿತು. ಅದರಲ್ಲಿ ಹತ್ತಿಯ ಮೂಟೆಗಳನ್ನೂ ಸ್ಫೋಟಕಗಳನ್ನೂ ಒಟ್ಟಿಗೆ ತುಂಬಿದ್ದರು. ಬೆಂಕಿ ಆರಿಸಲು ಹೋದ ನಮ್ಮ ಸಿಬ್ಬಂದಿಯಲ್ಲಿ 66 ಮಂದಿ ಸತ್ತರು. ಅವರ ನೆನಪಿನ ದಿನ ಅದು.

ನಿಮ್ಮ ವಿಷಯಕ್ಕೆ ಬರೋಣ. ನಿಮಗೆ ಬೇಕಾದ ಶಿಕ್ಷಕಿ ನಿಮ್ಮ ಪ್ರಶ್ನೆಯಲ್ಲೇ ಇದ್ದಾರೆ. ಹರಿವಾಣ ಮುಚ್ಚಿದ ಆ ಹೆಂಗಸನ್ನು ಸಭೆಗೆ ಗೌರವದಿಂದ ಕರೆಯಿರಿ, ಆ ದಿನದ ಅವರ ದುಡಿಮೆ ತಪ್ಪುವುದಾದರೆ ಸಂಘವೇ ಕೂಲಿ ಕೊಡಲಿ. ಒಂದು ತಣ್ಣನೆಯ ಬಾಣಲೆ, ಒಂದು ಮುಚ್ಚಳ, ಒಂದು ಒಲೆ ಮುಂದಿಟ್ಟು, ಏನು ಮಾಡಿದಿರಿ ತೋರಿಸಿ ಎಂದು ಕೇಳಿ. ಎಂಬತ್ತೆಂಟು ಮನೆಗಳಲ್ಲಿ ಒಲೆಯ ಮುಂದೆ ನಿಲ್ಲುವವರು ಯಾರು ಎಂದು ಮೊದಲು ಎಣಿಸಿ. ಸಭೆಗೆ ಬರುವುದು ಮಾಲೀಕರು, ಅಡುಗೆ ಮಾಡುವುದು ಬೇರೆಯವರು. ಕಲಿಸಬೇಕಾದ್ದು ಎರಡನೆಯವರಿಗೆ.

ಅವರು ತೋರಿಸಿದ ಮೇಲೆ ಕಾರಣವನ್ನು ನೀವು ಸೇರಿಸಿ. ಉರಿಯುವ ಎಣ್ಣೆಗೆ ನೀರು ಹಾಕಿದರೆ ನೀರು ತಳಕ್ಕಿಳಿಯುತ್ತದೆ, ಅಲ್ಲಿಯ ಶಾಖಕ್ಕೆ ಒಂದೇ ಕ್ಷಣದಲ್ಲಿ ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗುತ್ತದೆ, ಮೇಲಿದ್ದ ಎಣ್ಣೆಯನ್ನು ಉರಿಯುತ್ತಿರುವಂತೆಯೇ ಚಾವಣಿಗೆ ಎಸೆಯುತ್ತದೆ. ಆ ಅನಾಹುತಕ್ಕೆ ಒಂದು ಲೋಟ ನೀರು ಸಾಕು. ಒಲೆ ಆರಿಸಬೇಕು. ಮುಚ್ಚಳವನ್ನು ಮೇಲಿನಿಂದ ಬಿಡಬಾರದು, ನಮ್ಮ ಕಡೆಯಿಂದ ಆಚೆಗೆ ಜಾರಿಸಬೇಕು, ಆಗ ಉರಿ ಮುಖದ ಕಡೆಗೆ ಬರದೆ ಅತ್ತ ಹೋಗುತ್ತದೆ. ಆಮೇಲೆ ಮುಚ್ಚಳ ಎತ್ತಿ ಇಣುಕಬಾರದು. ಎಣ್ಣೆ ಇನ್ನೂ ಕಾದೇ ಇರುತ್ತದೆ, ಗಾಳಿ ಸಿಕ್ಕಿದೊಡನೆ ಮತ್ತೆ ಹೊತ್ತಿಕೊಳ್ಳುತ್ತದೆ. ಇನ್ನು ಬಾಣಲೆಯನ್ನು ಇಕ್ಕಳದಲ್ಲಿ ಹಿಡಿದು ಬಚ್ಚಲಿಗೆ ಒಯ್ಯುವ ಧೀರರು ಪ್ರತಿ ಬೀದಿಯಲ್ಲೂ ಇದ್ದಾರೆ. ದಾರಿಯಲ್ಲಿ ತುಳುಕಿದ ಎಣ್ಣೆ ಮೊದಲು ಬೀಳುವುದು ಅವರ ಕಾಲಿನ ಮೇಲೆ.

ಅಡುಗೆಮನೆಯಲ್ಲಿ ಇರುವಾಗಲೇ ಅನಿಲದ ಮಾತು ಮುಗಿಸಿ. ಸಿಲಿಂಡರಿನ ಅನಿಲ ಗಾಳಿಗಿಂತ ಭಾರ. ಸೋರಿದರೆ ನೀರಿನಂತೆ ನೆಲದ ಮೇಲೆ ಹರಡಿ ಒಲೆಯ ಕೆಳಗೆ, ಫ್ರಿಜ್ಜಿನ ಹಿಂದೆ ಕೂಡಿಕೊಳ್ಳುತ್ತದೆ. ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬಾರದು. ಹಾಕುವುದಷ್ಟೇ ಅಲ್ಲ, ಆರಿಸುವುದೂ ಕೂಡದು, ಕಿಡಿ ಎರಡರಲ್ಲೂ ಹುಟ್ಟುತ್ತದೆ. ರೆಗ್ಯುಲೇಟರ್ ಮುಚ್ಚಿ, ಸಾಧ್ಯವಾದರೆ ಸಿಲಿಂಡರಿಗೆ ಅದರ ಬಿಳಿ ಮುಚ್ಚಳ ಹಾಕಿ, ಬಾಗಿಲು ಕಿಟಕಿ ತೆರೆದು, ಹೊರಗೆ ಬಂದ ಮೇಲೆ 1906ಕ್ಕೆ ಕರೆ ಮಾಡಬೇಕು. ಅದು ಅಡುಗೆ ಅನಿಲ ಸೋರಿಕೆಗೆಂದೇ ಇರುವ ಸಂಖ್ಯೆ. ಕೊಳವೆಯಲ್ಲಿ ಬರುವ ಅನಿಲವಾದರೆ ಗಾಳಿಗಿಂತ ಹಗುರ, ಚಾವಣಿಯ ಕಡೆಗೆ ಏರುತ್ತದೆ. ಅದರ ಕವಾಟ ಎಲ್ಲಿದೆ, ಯಾವ ಕಡೆ ತಿರುಗಿಸಿದರೆ ಮುಚ್ಚುತ್ತದೆ ಎಂದು ಮನೆಯ ಮಕ್ಕಳಿಗೂ ಗೊತ್ತಿರಲಿ. ರಬ್ಬರ್ ಕೊಳವೆಯ ಮೇಲೆ ವರ್ಷ ಅಚ್ಚಾಗಿರುತ್ತದೆ. ಐದು ವರ್ಷ ದಾಟಿದ್ದರೆ ಬದಲಿಸಿ, ಸಂಧಿಯನ್ನು ಸೋಪಿನ ನೀರು ಹಚ್ಚಿ ಪರೀಕ್ಷಿಸಿ. ಬೆಂಕಿಕಡ್ಡಿ ಗೀರಿ ಪರೀಕ್ಷಿಸುವವರು ಇಂದಿಗೂ ಇದ್ದಾರೆ, ನಂಬಿ. ಸಿಲಿಂಡರಿನ ಕೊರಳ ಪಟ್ಟಿಯ ಒಳಬದಿಯಲ್ಲಿ ಎ, ಬಿ, ಸಿ, ಡಿ ಎಂಬ ಅಕ್ಷರಗಳಲ್ಲಿ ಒಂದು, ಪಕ್ಕದಲ್ಲಿ ವರ್ಷ ಇರುತ್ತದೆ. ಎ ಎಂದರೆ ಜನವರಿಯಿಂದ ಮಾರ್ಚ್, ಡಿ ಎಂದರೆ ಅಕ್ಟೋಬರಿನಿಂದ ಡಿಸೆಂಬರ್. ಅದು ಮುಂದಿನ ಪರೀಕ್ಷೆಯ ಗಡುವು. ಗಡುವು ಮೀರಿದ್ದನ್ನು ತಂದವನಿಗೇ ಹಿಂದಿರುಗಿಸಿ.

ಇಷ್ಟಕ್ಕೆ ಹತ್ತು ಹನ್ನೆರಡು ನಿಮಿಷ. ಉಳಿದ ಸಮಯ ಸಭಾಂಗಣದಲ್ಲಿ ಬೇಡ. ಎಲ್ಲರನ್ನೂ ಎಬ್ಬಿಸಿ ಮೆಟ್ಟಿಲಿಗೆ ಕರೆದೊಯ್ಯಿರಿ.

ಬೆಂಕಿ ಎಂದರೆ ಜನರ ಮನಸ್ಸಿಗೆ ಬರುವುದು ಜ್ವಾಲೆ. ಕಟ್ಟಡದ ಬೆಂಕಿಯಲ್ಲಿ ಹೆಚ್ಚಿನವರನ್ನು ಕೊಲ್ಲುವುದು ಹೊಗೆ. ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ನಿಮಗೆ ನೆನಪಿರಬಹುದು: 2010ರ ಫೆಬ್ರುವರಿ 23, ಒಂಬತ್ತು ಸಾವು. ಬೆಂಕಿ ಹುಟ್ಟಿದ್ದು ವಿದ್ಯುತ್ ತಂತಿಗಳು ಹಾದುಹೋಗುವ ಡಕ್ಟಿನಲ್ಲಿ. ಅಲ್ಲಿಂದ ಎದ್ದ ಹೊಗೆ ಮಹಡಿ ಮಹಡಿಗೆ ಹರಡಿತು. ಉಸಿರು ಕಟ್ಟಿದ ಜನ ಗಾಜು ಒಡೆದು ಕಿಟಕಿಗಳಿಂದ ಜಿಗಿದರು. ಹಾಗೆ ಜಿಗಿದವರ ಮೈಗೆ ಜ್ವಾಲೆ ತಾಗಿರಲಿಲ್ಲ. ಈಗ ನಿಮ್ಮ ಕಟ್ಟಡದ ಪ್ರತಿ ಮಹಡಿಯಲ್ಲಿ ವಿದ್ಯುತ್ ಡಕ್ಟಿನ ಬಾಗಿಲು ತೆರೆದು ನೋಡಿ. ನಾನು ನೋಡಿದ ಹತ್ತರಲ್ಲಿ ಎಂಟರೊಳಗೆ ಪೊರಕೆ, ಹಳೆಯ ಪತ್ರಿಕೆಯ ಕಟ್ಟು, ದೀಪಾವಳಿಯ ಉಳಿದ ಪಟಾಕಿ, ಯಾರೋ ಬಿಸಾಡಲು ಮನಸ್ಸಿಲ್ಲದೆ ಇಟ್ಟ ಹಾಸಿಗೆ ಇರುತ್ತವೆ. ಕೆಲಸದವರಿಗೆ ಸಾಮಾನು ಇಡಲು ಬೇರೆ ಜಾಗ ಕೊಡದಿದ್ದರೆ ಅವರು ಇನ್ನೆಲ್ಲಿ ಇಡಬೇಕು? ಒಂದು ಕೋಣೆ ಕೊಡಿ, ಡಕ್ಟಿಗೆ ಬೀಗ ಹಾಕಿಸಿ.

ಮೆಟ್ಟಿಲಿಗೆ ಹೋಗುವ ದಪ್ಪ ಬಾಗಿಲು ತಾನಾಗಿ ಮುಚ್ಚಿಕೊಳ್ಳಬೇಕು. ಗಾಳಿ ಬರಲಿ ಎಂದು ಅದಕ್ಕೆ ಇಟ್ಟಿಗೆ ಒತ್ತುಕೊಟ್ಟು ತೆರೆದಿಟ್ಟಿರುತ್ತಾರೆ. ಹಾಗೆ ಇಟ್ಟ ಬಾಗಿಲು ಮೆಟ್ಟಿಲನ್ನೇ ಹೊಗೆಯ ಗೂಡು ಮಾಡುತ್ತದೆ. ಅದಕ್ಕೆ ಬೀಗ ಹಾಕುವುದು ಇನ್ನೂ ಕೆಟ್ಟದ್ದು. ಮುಚ್ಚಿರಬೇಕು, ಆದರೆ ಕೈಯಿಂದ ತಳ್ಳಿದರೆ ತೆರೆಯಬೇಕು. ಇಟ್ಟಿಗೆಗಳನ್ನು ಆ ದಿನ ಜನರ ಕೈಯಲ್ಲೇ ಎತ್ತಿಸಿ. ಚಪ್ಪಲಿ ಸ್ಟ್ಯಾಂಡು, ಮಕ್ಕಳ ಸೈಕಲ್, ತುಳಸಿ ಕುಂಡ ಎಲ್ಲವೂ ಮೆಟ್ಟಿಲಿನಿಂದ ಹೊರಗೆ ಹೋಗಲಿ. ತುಳಸಿಯ ವಿಷಯದಲ್ಲಿ ಜಗಳ ಬರುತ್ತದೆ, ತಯಾರಾಗಿರಿ.

ಆಮೇಲೆ ನಾಲ್ಕು ಜನರಿಗೆ ಕಣ್ಣಿಗೆ ಬಟ್ಟೆ ಕಟ್ಟಿ, ಅವರ ಮನೆಬಾಗಿಲಿನಿಂದ ಮೆಟ್ಟಿಲಿನ ಬಾಗಿಲಿನವರೆಗೆ ಮಂಡಿಯೂರಿ ಗೋಡೆ ಸವರಿಕೊಂಡು ಹೋಗಲು ಹೇಳಿ. ಪಕ್ಕದಲ್ಲಿ ಒಬ್ಬರು ಕಾವಲಿರಲಿ, ಮೆಟ್ಟಿಲಿಗೆ ಕಾಲಿಡುವ ಮೊದಲೇ ನಿಲ್ಲಿಸಿ. ಹೊಗೆ ಮೇಲಿನಿಂದ ತುಂಬುತ್ತದೆ, ನೆಲದ ಹತ್ತಿರ ಸ್ವಲ್ಪ ಹೊತ್ತು ಉಸಿರಾಡುವ ಗಾಳಿ ಉಳಿದಿರುತ್ತದೆ. ದಾರಿಯಲ್ಲಿ ಎಷ್ಟು ಬಾಗಿಲು ಸಿಕ್ಕಿತು ಎಂದು ಎಣಿಸಿದವರು ಅದನ್ನು ಮರೆಯುವುದಿಲ್ಲ. ನನ್ನ ಅನುಭವದಲ್ಲಿ ಇಡೀ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅತ್ಯಂತ ಇಷ್ಟವಾಗುವುದು ಇದೇ, ದೊಡ್ಡವರು ನಾಚಿಕೊಳ್ಳುತ್ತಾರೆ.

ಬೆಂಕಿ ಆರಿಸುವ ಸಿಲಿಂಡರಿನ ಪಾಠ ಕೊನೆಗೆ. ಮೊದಲೇ ಕಲಿಸಿದರೆ ಜನ ಬೆಂಕಿಯ ಜೊತೆ ಹೋರಾಡಲು ನಿಲ್ಲುತ್ತಾರೆ. ಮರುಭರ್ತಿಯ ದಿನ ಹತ್ತಿರವಾದ ಸಿಲಿಂಡರುಗಳನ್ನು ಆಯ್ದುಕೊಳ್ಳಿ, ಹೇಗಿದ್ದರೂ ಅವನ್ನು ಖಾಲಿ ಮಾಡಿಸಲೇಬೇಕು. ಪಿನ್ ಎಳೆ, ಉರಿಯ ಬುಡಕ್ಕೆ ಗುರಿಯಿಡು, ಹಿಡಿಕೆ ಒತ್ತು, ಆಚೀಚೆ ಬೀಸು. ಇದನ್ನು ಬಾಯಿಪಾಠ ಮಾಡಿಸಬೇಡಿ, ಪ್ರತಿ ಮಹಡಿಯಿಂದ ಇಬ್ಬರ ಕೈಯಲ್ಲಿ ಮಾಡಿಸಿ. ಆ ಇಬ್ಬರಲ್ಲಿ ಒಬ್ಬರು ಹಗಲು ಹೊತ್ತು ಮನೆಯಲ್ಲಿರುವವರಾಗಿರಲಿ. ಹತ್ತು ಹದಿನೈದು ಸೆಕೆಂಡುಗಳಲ್ಲಿ ಅದರೊಳಗಿನ, ಬೆಂಕಿ ಆರಿಸುವ ಪುಡಿ ಮುಗಿದೇ ಹೋಗುತ್ತದೆ ಎಂಬುದು ಹಿಡಿದವರಿಗೇ ಆಶ್ಚರ್ಯ. ಬೆನ್ನು ಯಾವಾಗಲೂ ಬಾಗಿಲಿನ ಕಡೆ ಇರಬೇಕು. ಒಂದು ಸಿಲಿಂಡರ್ ಮುಗಿಯುವಷ್ಟರಲ್ಲಿ ಬೆಂಕಿ ಆರದಿದ್ದರೆ ಹೊರಗೆ ಬಂದು ಬಾಗಿಲು ಎಳೆದುಕೊಳ್ಳಿ. ಎಣ್ಣೆಯ ಬೆಂಕಿಗೆ ಇದನ್ನು ಹತ್ತಿರದಿಂದ ಹೊಡೆದರೆ ರಭಸಕ್ಕೆ ಎಣ್ಣೆಯೇ ಚಿಮ್ಮುತ್ತದೆ, ಅಲ್ಲಿ ಮುಚ್ಚಳವೇ ಮೇಲು.

ಕಾವಲುಗಾರನಿಗೆ ಬೇರೆಯಾಗಿ ಕಲಿಸಿ. ಅವನು ನಿಮಗೆ ಕರೆ ಮಾಡಿದ್ದರಲ್ಲಿ ಅವನ ತಪ್ಪಿಲ್ಲ, ಎಲ್ಲದಕ್ಕೂ ಕಾರ್ಯದರ್ಶಿಗೆ ಹೇಳು ಎಂದು ಕಲಿಸಿದವರು ನೀವೇ. 112 ಅಥವಾ 101ಕ್ಕೆ ಕರೆ ಮಾಡಲು ಯಾರ ಅನುಮತಿಯೂ ಬೇಡ ಎಂದು ಲಿಖಿತವಾಗಿ ಕೊಡಿ. ಕಟ್ಟಡದ ಪೂರ್ತಿ ವಿಳಾಸ, ಹತ್ತಿರದ ಗುರುತು, ಯಾವ ಕಡೆಯ ಗೇಟು ಅಗಲವಾಗಿದೆ ಎಂಬುದನ್ನು ಅವನಿಗೆ ಓದಲು ಬರುವ ಲಿಪಿಯಲ್ಲಿ ಬರೆದು ದೂರವಾಣಿಯ ಪಕ್ಕ ಅಂಟಿಸಿ. ಎಷ್ಟನೇ ಮಹಡಿ, ಏನು ಉರಿಯುತ್ತಿದೆ, ಒಳಗೆ ಯಾರಾದರೂ ಸಿಕ್ಕಿಕೊಂಡಿದ್ದಾರೆಯೇ, ಇಷ್ಟು ಹೇಳಬೇಕು. ಆಚೆಯವರು ಸಾಕು ಎನ್ನುವ ತನಕ ಕರೆ ಕಡಿಯಬಾರದು. ಒಬ್ಬ ರಸ್ತೆಯ ತಿರುವಿಗೆ ಹೋಗಿ ನಿಲ್ಲಲಿ. ನಮ್ಮ ವಾಹನ ಬಂದು, ಗೇಟಿನ ಮುಂದೆ ನಿಲ್ಲಿಸಿದ ಕಾರಿನ ಮಾಲೀಕನನ್ನು ಹುಡುಕುತ್ತಾ ನಿಂತದ್ದನ್ನು ನಾನು ಮರೆಯುವುದಿಲ್ಲ.

ಉತ್ತರ: ಹೊಲಿಗೆ ವಿಭಾಗ, ಪೀಣ್ಯ

ಕೆಲಸದ ಸ್ಥಳದ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಸಿದ್ಧ ಉಡುಪು ಕಾರ್ಖಾನೆಯಲ್ಲಿ ಮೇಲ್ವಿಚಾರಕಿಯಾಗಿದ್ದೇನೆ, ಸುರಕ್ಷತಾ ಸಮಿತಿಯಲ್ಲೂ ಇದ್ದೇನೆ. ನಮ್ಮಲ್ಲಿ ಅಣಕು ಕಾರ್ಯಾಚರಣೆಗೆ ಕೊರತೆಯಿಲ್ಲ, ವಿದೇಶದ ಖರೀದಿದಾರರು ಕಡತ ಕೇಳುತ್ತಾರೆ. ಆದರೆ ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಅದು ನಡೆಯುತ್ತಿದ್ದ ಬಗೆ ಕೇಳಿ. ಬೆಳಿಗ್ಗೆಯೇ ಹನ್ನೊಂದಕ್ಕೆ ಗಂಟೆ ಬಾರಿಸುತ್ತದೆ ಎಂದು ಎಲ್ಲರಿಗೂ ತಿಳಿಸುತ್ತಿದ್ದರು. ಎರಡೂ ಬಾಗಿಲುಗಳ ಮುಂದಿನ ಬಟ್ಟೆಯ ಮೂಟೆಗಳನ್ನು ಹತ್ತೂವರೆಗೆ ಸರಿಸುತ್ತಿದ್ದರು. ಹೊರಗೆ ಸಾಲಾಗಿ ನಿಂತು ಚಿತ್ರ ತೆಗೆಸಿಕೊಂಡು ಒಳಗೆ ಬರುವಷ್ಟರಲ್ಲಿ ಮೂಟೆಗಳು ಅದೇ ಜಾಗದಲ್ಲಿರುತ್ತಿದ್ದವು. ಆ ಕಾಲು ಗಂಟೆಯ ಪೀಸುಗಳನ್ನು ಸಂಜೆ ಹೆಚ್ಚುವರಿ ಕುಳಿತು ಮುಗಿಸಬೇಕಿತ್ತು. ಹೀಗೆ ಮಾಡಿದರೆ ಹುಡುಗಿಯರು ಕಲಿಯುವುದು ಒಂದೇ: ಗಂಟೆ ಎಂದರೆ ನಾಟಕ, ಅದರಿಂದ ನಮಗೇ ನಷ್ಟ.

ಇದರ ಬೆಲೆ ಏನೆಂದು ನಮ್ಮ ಉದ್ಯಮಕ್ಕೆ ಚೆನ್ನಾಗಿ ಗೊತ್ತು. 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಕಾರ್ಖಾನೆಯಲ್ಲಿ 146 ಮಂದಿ ಸತ್ತರು, ಹೆಚ್ಚಿನವರು ಹರೆಯದ ಹುಡುಗಿಯರು. ಅಲ್ಲಿ ಮೆಟ್ಟಿಲಿನ ಬಾಗಿಲಿಗೆ ಬೀಗವಿತ್ತು. ನೂರು ವರ್ಷ ಕಳೆದ ಮೇಲೆ, 2012ರ ನವೆಂಬರ್ 24ರಂದು ಢಾಕಾ ಹತ್ತಿರದ ತಜ್ರೀನ್ ಕಾರ್ಖಾನೆಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಗಂಟೆ ಬಾರಿಸಿದಾಗ ಎದ್ದವರಿಗೆ, ಏನೂ ಇಲ್ಲ, ಹೋಗಿ ಕುಳಿತುಕೊಳ್ಳಿ ಎಂದು ಮೇಲಿನವರು ಹೇಳಿದರೆಂದು ಬದುಕುಳಿದವರು ತಿಳಿಸಿದರು. ಆದ್ದರಿಂದ ನಾನು ಈಗಿನ ಕಾರ್ಖಾನೆಯಲ್ಲಿ ಮೊದಲು ಹಿಡಿದ ಹಠ ಒಂದೇ. ಗಂಟೆ ಬಾರಿಸಿದರೆ ಯಂತ್ರ ಆರಿಸಿ ಏಳಬೇಕು, ಮೇಲ್ವಿಚಾರಕರನ್ನು ಕೇಳಬೇಕಾಗಿಲ್ಲ, ಅರ್ಧ ಹೊಲಿದ ಪೀಸು ಸೂಜಿಯ ಕೆಳಗೇ ಇರಲಿ. ಆ ಹೊತ್ತಿನ ಲೆಕ್ಕವನ್ನು ಗುರಿಯಿಂದ ಕಳೆಯಬೇಕು. ಆಡಳಿತ ಒಪ್ಪಲು ಬಹಳ ಸಮಯ ಹಿಡಿಯಿತು, ಆದರೆ ಒಪ್ಪಿತು.

ಇನ್ನೊಂದು ಕೆಲಸ ಮಾಡುತ್ತೇವೆ. ಕೆಲವು ಸಲ ಯಾರಿಗೂ ಹೇಳದೆ ಒಂದು ಬಾಗಿಲಿನ ಮುಂದೆ ಕೆಂಪು ಬಟ್ಟೆ ಹಿಡಿದು ಒಬ್ಬರನ್ನು ನಿಲ್ಲಿಸುತ್ತೇವೆ. ಇಲ್ಲಿ ಬೆಂಕಿ ಇದೆ, ಇತ್ತ ಬರಬೇಡಿ ಎಂದರ್ಥ. ಆಗ ತಿಳಿಯುತ್ತದೆ, ಮುಕ್ಕಾಲು ಜನ ಬೆಳಿಗ್ಗೆ ಒಳಗೆ ಬಂದ ಬಾಗಿಲಿನತ್ತಲೇ ಓಡುತ್ತಾರೆ, ಹತ್ತಿರದ ಬಾಗಿಲು ಕಣ್ಣ ಮುಂದಿದ್ದರೂ ಅವರಿಗೆ ಕಾಣುವುದಿಲ್ಲ. ಹೊರಗೆ ಬಂದ ಮೇಲೆ ಲೈನ್ ಲೈನಾಗಿ ತಲೆ ಎಣಿಕೆ. ಶೌಚಾಲಯ ನೋಡಲು ಒಬ್ಬರು, ಶಿಶುವಿಹಾರಕ್ಕೆ ಇಬ್ಬರು ಮೊದಲೇ ಗೊತ್ತಾಗಿರುತ್ತಾರೆ. ಮಗು ಒಳಗಿದ್ದರೆ ತಾಯಿ ಹೊರಗೆ ಬರುವುದಿಲ್ಲ, ಮೆಟ್ಟಿಲಿನಲ್ಲಿ ಎದುರು ದಿಕ್ಕಿಗೆ ನುಗ್ಗುತ್ತಾಳೆ. ಅದಕ್ಕೆ ಮಕ್ಕಳನ್ನು ಯಾರು ಕರೆತರುತ್ತಾರೆ, ಎಲ್ಲಿ ನಿಲ್ಲಿಸುತ್ತಾರೆ ಎಂದು ತಾಯಂದಿರಿಗೆ ಕಣ್ಣಾರೆ ತೋರಿಸಿದ್ದೇವೆ. ನಿಮ್ಮ ಕಟ್ಟಡದಲ್ಲೂ ಸಂಜೆ ಮಕ್ಕಳು ಆಟದ ಜಾಗದಲ್ಲಿ, ತಾಯಂದಿರು ಮೇಲೆ ಇರುವಾಗ ಗಂಟೆ ಬಾರಿಸಿದರೆ ಏನಾಗುತ್ತದೆ, ಯೋಚಿಸಿ.

ಉತ್ತರ: ಶಾಲೆಯ ಮೇಷ್ಟರು, ಹಾಸನ ಜಿಲ್ಲೆ

ಮಕ್ಕಳಿಗೆ ಕಲಿಸಿದರೆ ಮನೆಗೆ ತಲುಪುತ್ತದೆ ಎಂಬುದು ನನ್ನ ಅನುಭವ, ಆದರೆ ಪಾಠವನ್ನು ಮನೆಗೆಲಸವಾಗಿ ಕೊಡಬೇಕು. ಮನೆಯಲ್ಲಿ ಬಿಸಿಯಾಗುವ ಪ್ಲಗ್ಗುಗಳು ಎಷ್ಟು, ಮುಟ್ಟದೆ ಅಪ್ಪ ಅಮ್ಮನನ್ನು ಕೇಳಿ ಬರೆದುಕೊಂಡು ಬನ್ನಿ ಎಂದು ಏಳನೇ ತರಗತಿಗೆ ಹೇಳಿದೆ. ನೀರು ಕಾಯಿಸುವ ಕಂಬಿಯನ್ನು ಸಣ್ಣ ಪ್ಲಗ್ಗಿನ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿದವರು, ಅದೇ ಬೋರ್ಡಿನಲ್ಲಿ ಮಿಕ್ಸಿ ಮತ್ತು ಇಸ್ತ್ರಿಪೆಟ್ಟಿಗೆ ಇಟ್ಟವರು, ಫ್ಯೂಸಿಗೆ ದಪ್ಪ ತಂತಿ ಸುತ್ತಿದವರು, ಎಲ್ಲ ಹೊರಬಿದ್ದರು. ಒಬ್ಬ ಹುಡುಗನ ಅಪ್ಪ ಮರುದಿನ ಶಾಲೆಗೆ ಬಂದು, ನಮ್ಮ ಮನೆಯ ಗುಟ್ಟು ಕೇಳಲು ನೀವು ಯಾರು ಎಂದು ಕೂಗಾಡಿದರು. ವಾರ ಕಳೆದ ಮೇಲೆ ದಪ್ಪ ಪ್ಲಗ್ಗಿನ ಬೋರ್ಡು ಹಾಕಿಸಿದ್ದಾರೆಂದು ಹುಡುಗ ಹೇಳಿದ.

ನಮ್ಮ ಕಡೆ ಬೇಸಿಗೆಯಲ್ಲಿ ಹುಲ್ಲಿನ ಬಣವೆಗಳೇ ದೊಡ್ಡ ಚಿಂತೆ. ವಿದ್ಯುತ್ ತಂತಿಯ ಕೆಳಗೆ ಬಣವೆ ಒಟ್ಟುತ್ತಾರೆ, ತಂತಿಗಳು ಗಾಳಿಗೆ ತಾಗಿ ಕಿಡಿ ಬೀಳುತ್ತದೆ, ವರ್ಷದ ಮೇವು ಹೋಗುತ್ತದೆ. ಅದು ನಿಮಗೆ ಬೇಡವಾದ ವಿಷಯ, ಬಿಡಿ.

ಸುಟ್ಟ ಗಾಯದ ಬಗ್ಗೆ ಎರಡು ಮಾತು ನಿಮ್ಮ ಸಭೆಯಲ್ಲಿ ಖಂಡಿತ ಸೇರಿಸಿ. ಶಾಯಿ, ಟೂತ್‌ಪೇಸ್ಟ್, ಬೆಣ್ಣೆ, ದೋಸೆ ಹಿಟ್ಟು ಯಾವುದನ್ನೂ ಹಚ್ಚಬಾರದು, ಮಂಜುಗಡ್ಡೆಯೂ ಬೇಡ. ಹರಿಯುವ ನಲ್ಲಿ ನೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಬೇಕು. ಇಪ್ಪತ್ತು ನಿಮಿಷ ಎಂದರೆ ಜನ ಎರಡು ನಿಮಿಷಕ್ಕೆ ನಿಲ್ಲಿಸುತ್ತಾರೆ, ಗಡಿಯಾರ ನೋಡಿಯೇ ಹಿಡಿಯಲಿ. ಊದಿಕೊಳ್ಳುವ ಮೊದಲು ಬಳೆ, ಉಂಗುರ ತೆಗೆಯಬೇಕು. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಎಳೆಯಬಾರದು. ಮೈಮೇಲಿನ ಬಟ್ಟೆಗೆ ಬೆಂಕಿ ತಗುಲಿದರೆ ಓಡದೆ ನಿಂತು, ನೆಲಕ್ಕೆ ಬಿದ್ದು, ಮುಖ ಮುಚ್ಚಿಕೊಂಡು ಹೊರಳಬೇಕು. ಇದನ್ನು ನಮ್ಮ ಮಕ್ಕಳು ಜಗಲಿಯ ಮೇಲೆ ಆಟದಂತೆ ಆಡುತ್ತಾರೆ, ಸಮವಸ್ತ್ರ ಕೊಳೆಯಾಯಿತೆಂದು ಮನೆಯಲ್ಲಿ ಬೈಸಿಕೊಳ್ಳುತ್ತಾರೆ.

ಮರುಪ್ರಶ್ನೆ: ಹೊಸ ಕಾರ್ಯದರ್ಶಿ, ಬೆಂಗಳೂರು

ಎಲ್ಲರಿಗೂ ಧನ್ಯವಾದ. ಅಡುಗೆಯ ಹೆಂಗಸಿನ ಜೊತೆ ಮಾತನಾಡಿದೆ. ಹಿಂದೆ ಒಂದು ಮದುವೆ ಛತ್ರದಲ್ಲಿ ಬಾಣಸಿಗರ ಕೈಕೆಳಗೆ ಕೆಲಸ ಮಾಡುವಾಗ ಕಲಿತದ್ದಂತೆ. ಸಭೆಯಲ್ಲಿ ಮಾತನಾಡಲು ಸಂಕೋಚ, ಕೈಯಲ್ಲಿ ಮಾಡಿ ತೋರಿಸುತ್ತೇನೆ ಎಂದು ಒಪ್ಪಿದ್ದಾರೆ. ಡಕ್ಟುಗಳನ್ನು ತೆರೆಸಿದೆ. ಪಟಾಕಿ ಇರಲಿಲ್ಲ, ಹಾಸಿಗೆ ಇತ್ತು.

ಠಾಣಾಧಿಕಾರಿಗಳಿಗೆ ಮೂರು ಸಂದೇಹ. ಒಂಬತ್ತನೇ ಮಹಡಿಯಲ್ಲಿ ಮಂಡಿ ನೋವಿನ ಅಜ್ಜಿಯೊಬ್ಬರಿದ್ದಾರೆ, ಮೆಟ್ಟಿಲು ಇಳಿಯಲಾರರು. ಅವರಿಗೆ ಏನು ಹೇಳುವುದು? ಎರಡನೆಯದು, ಬಾಲ್ಕನಿಗೆ ಪೂರ್ತಿ ಕಬ್ಬಿಣದ ಗ್ರಿಲ್ ಹಾಕಿಸಿದವರು ಬಹಳ ಮಂದಿ. ಪಾರಿವಾಳ, ಕಳ್ಳರು, ಮಕ್ಕಳು, ಹೀಗೆ ಕಾರಣ ಕೊಡುತ್ತಾರೆ. ಮೂರನೆಯದು, ನೆಲಮಾಳಿಗೆಯಲ್ಲಿ ವಿದ್ಯುತ್ ಸ್ಕೂಟರ್‌ಗಳ ಸಂಖ್ಯೆ ಹೆಚ್ಚುತ್ತಿದೆ, ಕೆಲವರು ಬ್ಯಾಟರಿ ಬಿಚ್ಚಿ ಮನೆಗೇ ತಂದು ಚಾರ್ಜ್ ಮಾಡುತ್ತಾರೆ.

ಉತ್ತರ: ನಿವೃತ್ತ ಠಾಣಾಧಿಕಾರಿ

ಅಜ್ಜಿಯ ವಿಷಯ ಮೊದಲು. ಲಿಫ್ಟ್ ಬೇಡವೇ ಬೇಡ. ವಿದ್ಯುತ್ ಹೋದರೆ ನಡುವೆ ನಿಲ್ಲುತ್ತದೆ, ಅದರ ಗೂಡು ಹೊಗೆ ಏರುವ ದಾರಿ. ಬೆಂಕಿ ಅವರ ಮನೆಯಲ್ಲೇ ಆದರೆ ಹೊರಗೆ ತಂದು ಬಾಗಿಲು ಮುಚ್ಚಿ, ಮೆಟ್ಟಿಲಿನ ದಪ್ಪ ಬಾಗಿಲಿನ ಆಚೆಗೆ ದಾಟಿಸಿದರೆ ಅರ್ಧ ಗೆದ್ದಂತೆ. ನಿಮ್ಮ ಕಟ್ಟಡದ ನಕ್ಷೆಯಲ್ಲಿ ಆಸರೆ ಜಾಗ ಎಂದು ಗುರುತಿಸಿದ್ದು ಇದ್ದರೆ ಅಲ್ಲಿಗೆ ಕರೆದೊಯ್ಯಿರಿ; ಅದನ್ನು ಯಾರಾದರೂ ಜಿಮ್ ಮಾಡಿಕೊಂಡಿದ್ದಾರೆಯೇ ಎಂದು ಇಂದೇ ನೋಡಿ. ಬೆಂಕಿ ಬೇರೆ ಮಹಡಿಯಲ್ಲಿದ್ದು ಮೆಟ್ಟಿಲಿನಲ್ಲಿ ಹೊಗೆ ತುಂಬಿದ್ದರೆ ಅವರು ಮನೆಯೊಳಗೇ ಇರುವುದು ಕ್ಷೇಮ. ಹೊರಬಾಗಿಲನ್ನು ತೆರೆಯುವ ಮೊದಲು ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡಬೇಕು, ಬಿಸಿಯಿದ್ದರೆ ತೆರೆಯಬಾರದು. ಬಾಗಿಲಿನ ಕೆಳಗಿನ ಸಂದಿಗೆ ಒದ್ದೆ ಟವೆಲ್ ತುರುಕಿ, ರಸ್ತೆಯ ಕಡೆಯ ಕಿಟಕಿಯ ಬಳಿ ಕುಳಿತು, 112ಕ್ಕೆ ಕರೆ ಮಾಡಿ ಮಹಡಿ ಮತ್ತು ಮನೆ ಸಂಖ್ಯೆ ಹೇಳಬೇಕು. ಹೀಗೆ ಇಳಿಯಲಾಗದವರ ಪಟ್ಟಿಯೊಂದು ಕಾವಲುಗಾರನ ಕೋಣೆಯಲ್ಲಿ ಇರಲಿ. ನಮ್ಮವರು ಬಂದ ಕೂಡಲೇ ಕೇಳುವ ಮೊದಲ ಪ್ರಶ್ನೆ ಅದೇ. ಪಕ್ಕದ ಮನೆಯ ಇಬ್ಬರು ಗಟ್ಟಿಗರು, ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಎರಡು ಮಹಡಿ ಇಳಿಸುವುದನ್ನು ಒಮ್ಮೆ ಅಭ್ಯಾಸ ಮಾಡಲಿ, ಅಜ್ಜಿ ಒಪ್ಪಿದರೆ. ಬೇಡ ಎಂದರೆ ಕುರ್ಚಿಯಲ್ಲಿ ಅಕ್ಕಿ ಮೂಟೆ ಇಟ್ಟು ಇಳಿಸಿ ನೋಡಿ.

ಗ್ರಿಲ್ ಬಗ್ಗೆ ನನಗೆ ತಾಳ್ಮೆ ಇಲ್ಲ. 2021ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟಿನಲ್ಲಿ ನಡೆದದ್ದನ್ನು ನಿಮ್ಮ ಸಭೆಯಲ್ಲಿ ಅರ್ಧ ಜನ ಮೊಬೈಲಿನಲ್ಲಿ ನೋಡಿರುತ್ತಾರೆ. ಬಾಲ್ಕನಿಯ ಗ್ರಿಲ್ ಹಿಡಿದು ನಿಂತ ಹೆಂಗಸು ಹೊರಗೆ ಬರಲಾಗದೆ ಜನ ನೋಡುತ್ತಿದ್ದಂತೆಯೇ ಸತ್ತರು. ಆ ದೃಶ್ಯವನ್ನು ಸಭೆಯಲ್ಲಿ ತೋರಿಸಬೇಡಿ, ಹೆದರಿಸಿ ಕಲಿಸಿದ್ದು ಮನೆ ತಲುಪುವಷ್ಟರಲ್ಲಿ ಕರಗುತ್ತದೆ. ಗ್ರಿಲ್ ಕೆಲಸದವನೊಬ್ಬನನ್ನು ಸಭೆಗೆ ಕರೆಸಿ. ದೊಡ್ಡವರ ಮೈ ಹೊರಬರುವಷ್ಟು ಅಗಲದ, ಕೀಲು ಇರುವ ಒಂದು ಕಿಂಡಿ ಮಾಡಲು ಏನು ಖರ್ಚು ಎಂದು ಅಲ್ಲೇ ಹೇಳಿಸಿ, ಅಲ್ಲೇ ಹೆಸರು ಬರೆಸಿಕೊಳ್ಳಿ. ಬೀಗ ಹಾಕುವುದಾದರೆ ಒಳಗಿನಿಂದ, ಕೀಲಿ ಪಕ್ಕದ ಗೋಡೆಯ ಮೊಳೆಯಲ್ಲಿ. ಬೀರುವಿನ ಒಳಗೆ ಜೋಪಾನವಾಗಿಟ್ಟ ಕೀಲಿ ಇಲ್ಲದ ಕೀಲಿಗೆ ಸಮ.

ಸ್ಕೂಟರ್ ಬ್ಯಾಟರಿ ನಮ್ಮ ಕಾಲದಲ್ಲಿ ಇರಲಿಲ್ಲ, ಈಗ ಠಾಣೆಯಲ್ಲಿರುವವರಿಂದ ಕೇಳಿ ತಿಳಿದದ್ದನ್ನು ಹೇಳುತ್ತೇನೆ. ಲಿಥಿಯಂ ಬ್ಯಾಟರಿಯ ಬೆಂಕಿಗೆ ಶಾಖವೂ ಅನಿಲವೂ ಒಳಗಿನಿಂದಲೇ ಹುಟ್ಟುತ್ತವೆ. ಪುಡಿ ಹೊಡೆದರೆ ಜ್ವಾಲೆ ಕುಗ್ಗಿದಂತೆ ಕಂಡು ಮತ್ತೆ ಏಳುತ್ತದೆ, ಬೇಕಾಗುವುದು ತಣಿಸಲು ಬಹಳಷ್ಟು ನೀರು, ಅದು ನಮ್ಮವರ ಕೆಲಸ. ಹೊಗೆ ವಿಷ. ಆದ್ದರಿಂದ ಮನೆಯೊಳಗೆ, ಅದರಲ್ಲೂ ಹೊರಬಾಗಿಲಿನ ಪಕ್ಕ, ರಾತ್ರಿಯಿಡೀ ಚಾರ್ಜ್ ಮಾಡುವುದನ್ನು ಸಂಘ ನಿಲ್ಲಿಸಲಿ. ಬೆಂಕಿ ಬಿದ್ದರೆ ಹೊರಹೋಗುವ ದಾರಿಯೇ ಮುಚ್ಚುತ್ತದೆ. ಊದಿಕೊಂಡ, ಬಿದ್ದು ಪೆಟ್ಟಾದ, ನೀರು ಹೊಕ್ಕ ಬ್ಯಾಟರಿಯನ್ನು ಚಾರ್ಜಿಗೆ ಹಾಕಲೇಬಾರದು. ತಯಾರಕರು ಕೊಟ್ಟ ಚಾರ್ಜರನ್ನೇ ಬಳಸಬೇಕು. ನೆಲಮಾಳಿಗೆಯಲ್ಲಿ ಸ್ಥಳ ಗೊತ್ತು ಮಾಡುವಾಗ ಮೆಟ್ಟಿಲಿನ ಬುಡವನ್ನೂ ಜನರೇಟರಿನ ಡೀಸೆಲ್ ಇಡುವ ಕಡೆಯನ್ನೂ ತಪ್ಪಿಸಿ, ಅರ್ಹ ವಿದ್ಯುತ್ ಗುತ್ತಿಗೆದಾರರಿಂದ ಪ್ರತ್ಯೇಕ ತಂತಿ ಎಳೆಸಿ.

ಠಾಣೆಯವರನ್ನು ಕರೆಯುವುದನ್ನು ಮಾತ್ರ ಬಿಡಬೇಡಿ. ಏಪ್ರಿಲ್ ತನಕ ಕಾಯಬೇಕಿಲ್ಲ, ನಿಮ್ಮ ಪ್ರದೇಶದ ಠಾಣೆಗೆ ಒಂದು ಪತ್ರ ಬರೆದು ದಿನ ಕೇಳಿ. ಡೀಸೆಲ್ ತಟ್ಟೆ ಬೇಡ, ನಮ್ಮ ಮೆಟ್ಟಿಲು, ನೀರಿನ ಕೊಳವೆ, ಗೇಟು ನೋಡಿ ಹೇಳಿ ಎಂದು ಪತ್ರದಲ್ಲೇ ಬರೆಯಿರಿ. ವಾಹನ ನಿಮ್ಮ ಗೇಟಿನೊಳಗೆ ತಿರುಗುತ್ತದೆಯೇ ಎಂದು ಅವರಿಗೂ ಮುಂಚಿತವಾಗಿ ತಿಳಿದಂತಾಗುತ್ತದೆ. ಪ್ರತಿ ಮಹಡಿಯ ನೀರಿನ ಪೆಟ್ಟಿಗೆಯ ಕವಾಟವನ್ನು ಅವರ ಎದುರಿಗೇ ತೆರೆಸಿ. ಹಲವು ಕಟ್ಟಡಗಳಲ್ಲಿ ಪೆಟ್ಟಿಗೆಯೊಳಗಿನ ಹಿತ್ತಾಳೆಯ ಮೂತಿ ಗುಜರಿಗೆ ಹೋಗಿರುತ್ತದೆ, ಪಂಪಿನ ಸ್ವಿಚ್ಚನ್ನು ಯಾರೋ ಆರಿಸಿರುತ್ತಾರೆ.

ಕೊನೆಯದಾಗಿ, ಅಭ್ಯಾಸಕ್ಕೆ ಬಳಸಿದ ಸಿಲಿಂಡರುಗಳನ್ನು ಅಂದೇ ಮರುಭರ್ತಿಗೆ ಕಳುಹಿಸಿ, ಅವು ಬರುವ ತನಕ ಬದಲಿಗೆ ಬೇರೆ ಕೇಳಿ ಪಡೆಯಿರಿ. ಅರ್ಧ ಖಾಲಿಯಾದದ್ದನ್ನು, ಇನ್ನೂ ಸ್ವಲ್ಪ ಇದೆ ಎಂದು ಮತ್ತೆ ಗೋಡೆಗೆ ನೇತುಹಾಕುವ ಖಜಾಂಚಿಗಳು ಎಲ್ಲ ಸಂಘಗಳಲ್ಲೂ ಇರುತ್ತಾರೆ. ನಿಮ್ಮವರ ಮೇಲೆ ಒಂದು ಕಣ್ಣಿಡಿ.